ಹದಿನಾಲ್ಕು ಮನೆ ಸೇರಿ ತರಿಸಿದ 60 ಕೆ.ಜಿ. ಹಸಿರು ಕಾಫಿ ಬೀಜ: ಮಾದರಿಯಂತೆ ಬಾರದಿದ್ದರೆ ನಷ್ಟ ಯಾರ ತಲೆಗೆ?

ಮಲ್ಲೇಶ್ವರದ ಹುರಿಗಾರ (2 ಆಗಸ್ಟ್ 2025)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಾಫಿ ಹುರಿಯುವ ನಾವು ಬೆಂಗಳೂರಿನ ಹದಿನಾಲ್ಕು ಮನೆಯವರು ಸೇರಿ ಬಾಬಾಬುಡನ್‌ಗಿರಿ ಮಗ್ಗುಲಿನ ಒಂದು ತೋಟದಿಂದ ಎಸ್. 795 ತಳಿಯ ತೊಳೆದ ಅರೇಬಿಕಾದ ಹಸಿರು, ಅಂದರೆ ಹುರಿಯದ ಬೀಜ ತರಿಸಿದೆವು. ಇದಕ್ಕೆ ಮುಂದಾಳು ನಾನೇ. ಫೆಬ್ರುವರಿ ಮೊದಲ ವಾರ ಬೆಳೆಗಾರರು 300 ಗ್ರಾಂ ಮಾದರಿ ಕಳುಹಿಸಿದ್ದರು. ನಮ್ಮಲ್ಲಿ ಐವರು ಬೇರೆ ಬೇರೆಯಾಗಿ ಹುರಿದು ಕುಡಿದು ನೋಡಿ, ಏಲಕ್ಕಿಯ ಸುಳಿವು ಮತ್ತು ಹದವಾದ ಹುಳಿ ಇರುವ ಬಹಳ ಒಳ್ಳೆಯ ಬೀಜವೆಂದು ಒಪ್ಪಿದ್ದೆವು. ಕೆ.ಜಿ.ಗೆ 780 ರೂಪಾಯಿಯಂತೆ 30 ಕೆ.ಜಿ.ಯ ಎರಡು ಚೀಲಕ್ಕೆ 46,800, ಸಾಗಣೆಗೆ 1,200, ಒಟ್ಟು 48,000 ರೂಪಾಯಿ. ಮನೆ ಬಾಗಿಲಿಗೆ ಬರುವಾಗ ಕೆ.ಜಿ.ಗೆ 800 ಬಿತ್ತು.

ಚೀಲಗಳು ಬಂದದ್ದು ಜುಲೈ 20ಕ್ಕೆ. ಬಿಚ್ಚಿದ ಕೂಡಲೇ ನನಗೆ ಮನಸ್ಸು ಕುಗ್ಗಿತು. ಮಾದರಿಯ ಬೀಜ ನೀಲಿ ಬೆರೆತ ಹಸಿರಾಗಿತ್ತು. ಇದು ಬಿಳಿಚಿಕೊಂಡು ಅಂಚಿನಲ್ಲಿ ಇನ್ನೂ ಮಾಸಲಾಗಿದೆ, ಮೂಗಿಗೆ ಹಿಡಿದರೆ ಗೋಣಿಯ ವಾಸನೆ ಹೊಡೆಯುತ್ತದೆ. ಹುರಿದು ಕುಡಿದರೆ ಆ ಹುಳಿಯೂ ಇಲ್ಲ, ಏಲಕ್ಕಿಯೂ ಇಲ್ಲ, ಕೊನೆಯಲ್ಲಿ ಒದ್ದೆ ರಟ್ಟಿನಂಥ ರುಚಿಯೊಂದು ನಾಲಿಗೆಯ ಮೇಲೆ ಉಳಿಯುತ್ತದೆ. ಹನ್ನೆರಡು ಮಂದಿ ಬೇಸರದಿಂದಲೇ ತಮ್ಮ ಪಾಲು ಒಯ್ದರು. ತಲಾ 5 ಕೆ.ಜಿ. ಕೇಳಿದ್ದ ಇಬ್ಬರು ಬೇಡವೆಂದರು. ಆ 8,000 ರೂಪಾಯಿಯನ್ನು ನಾನು ಕೈಯಿಂದ ಹಾಕಿದ್ದೇನೆ, 10 ಕೆ.ಜಿ. ಬೀಜ ನನ್ನ ಅಡುಗೆಮನೆಯಲ್ಲಿದೆ.

ಇಂಥ ಕೂಡುಖರೀದಿಯಲ್ಲಿ ನಷ್ಟವನ್ನು ಯಾರು ಹೊರಬೇಕು? ಮುಂದಿನ ಕೊಯ್ಲಿಗೆ ಮತ್ತೆ ಮುಂದಾಗಬೇಕೇ, ಅಥವಾ ಇಲ್ಲಿಗೇ ಕೈಬಿಡಬೇಕೇ ಎಂಬುದು ನನಗೆ ತಿಳಿಯದಾಗಿದೆ.

ಲೆಕ್ಕಿಗ

ನಷ್ಟ ಎಲ್ಲರದ್ದು. ಹದಿನಾಲ್ಕು ಮಂದಿ ಒಟ್ಟಾಗಿ ಒಪ್ಪಿ ತರಿಸಿದ ಸರಕಿನಲ್ಲಿ ಮುಂದಾಳುವಿಗೆ ಲಾಭವಿಲ್ಲವೆಂದಾದರೆ ನಷ್ಟವೂ ಅವರೊಬ್ಬರದ್ದಲ್ಲ. 8,000 ರೂಪಾಯಿಯನ್ನು ಹದಿನಾಲ್ಕಕ್ಕೆ ಹಂಚಿದರೆ ತಲೆಗೆ 571 ರೂಪಾಯಿ ಬರುತ್ತದೆ. ಅಷ್ಟಕ್ಕಾಗಿ ಒಬ್ಬರ ಮನೆಯಲ್ಲಿ ಹತ್ತು ಕೆ.ಜಿ. ಬೀಜ ಬಿದ್ದಿರುವುದು ನಮಗೆ ಯಾರಿಗೂ ಶೋಭೆಯಲ್ಲ.

ಎರಡನೇ ಡಿಕಾಕ್ಷನ್

ಬೇಡವೆಂದ ಇಬ್ಬರಲ್ಲಿ ನಾನೊಬ್ಬ. ನನ್ನ ಮಾತನ್ನೂ ಕೇಳಿ ತೀರ್ಮಾನಕ್ಕೆ ಬನ್ನಿ. ನಾನು ಹಣ ಕೊಡಲು ಒಪ್ಪಿದ್ದು ಮಾದರಿಯ ಬೀಜಕ್ಕೆ. ಬಂದದ್ದು ಆ ಬೀಜವಲ್ಲ ಎಂಬುದನ್ನು ಮುಂದಾಳುವೇ ಒಪ್ಪಿಕೊಂಡಿದ್ದಾರೆ. ಸೀರೆ ಅಂಗಡಿಯಲ್ಲಿ ಒಂದು ತೋರಿಸಿ ಇನ್ನೊಂದು ಕಟ್ಟಿಕೊಟ್ಟರೆ ಯಾರಾದರೂ ಸುಮ್ಮನೆ ತರುತ್ತಾರೆಯೇ? ಮುಂದಾಳುವಿನ ಮೇಲೆ ನನಗೆ ಗೌರವವಿದೆ, ಆದರೆ ಅವರು ಆ ಚೀಲಗಳನ್ನು ಬೆಳೆಗಾರರಿಗೆ ಹಿಂದಿರುಗಿಸಬೇಕಿತ್ತು.

ಜಯನಗರದ ಜರಡಿ

ಹಾಗಾದರೆ ಉಳಿದ ಹನ್ನೆರಡು ಮಂದಿಗೂ ಆ ಹಕ್ಕು ಇರಲಿಲ್ಲವೇ? ಎಲ್ಲರೂ ನಿಮ್ಮಂತೆಯೇ ಹೇಳಿದ್ದರೆ 48,000 ರೂಪಾಯಿಯೂ ಒಬ್ಬರ ಮೇಲೆ ಬೀಳುತ್ತಿತ್ತು.

ತೇವ ನೋಡುವವಳು

ನನ್ನ ಪಾಲಿನ 4 ಕೆ.ಜಿ.ಯನ್ನು ತಂದ ದಿನವೇ ತೇವಮಾಪಕದಲ್ಲಿ ಅಳೆದೆ. ಮೂರು ಸಲ ಅಳೆದಾಗಲೂ ಶೇ. 12.8ರ ಆಸುಪಾಸಿನಲ್ಲೇ ಬಂತು. ಫೆಬ್ರುವರಿಯ ಮಾದರಿ ಶೇ. 10.5 ಇತ್ತು, ಅದನ್ನು ಬರೆದಿಟ್ಟುಕೊಂಡಿದ್ದೇನೆ. ಒಳ್ಳೆಯ ಹಸಿರು ಬೀಜದಲ್ಲಿ ತೇವ ಶೇ. 10ರಿಂದ 12ರೊಳಗೆ ಇರಬೇಕು. 12 ದಾಟಿದರೆ ಬೂಷ್ಟಿನ ಭಯ, ತೀರಾ ಕೆಳಗಿಳಿದರೆ ಬೀಜ ಒಣಗಿ ಸತ್ವಹೀನವಾಗುತ್ತದೆ.

ಹಣದ ಲೆಕ್ಕದಲ್ಲಿಯೂ ಇದನ್ನು ನೋಡಿ. 60 ಕೆ.ಜಿ.ಯಲ್ಲಿ ಶೇ. 12.8 ನೀರೆಂದರೆ ಒಣ ಪದಾರ್ಥ 52.3 ಕೆ.ಜಿ. ಅದೇ ಒಣ ಪದಾರ್ಥ ಶೇ. 10.5 ತೇವದಲ್ಲಿದ್ದರೆ ತೂಕ ಸುಮಾರು 58.5 ಕೆ.ಜಿ. ಆಗುತ್ತಿತ್ತು. ನಾವು ಒಂದೂವರೆ ಕೆ.ಜಿ. ನೀರಿಗೆ 1,200 ರೂಪಾಯಿ ತೆತ್ತಿದ್ದೇವೆ, ಅಂದರೆ ಸಾಗಣೆಗೆ ಕೊಟ್ಟಷ್ಟೇ ಹಣ. ರುಚಿ ಹೋದದ್ದು ಇದರ ಮೇಲಿನ ನಷ್ಟ.

ಹಬೆ

ಬಿಳಿಚಿದ ಬೀಜ, ಹುಳಿಯಿಲ್ಲದ ರುಚಿ ಎಂದರೆ ಇದು ಮಾನ್ಸೂನ್ಡ್ ಮಲಬಾರ್‌ನಂತೆಯೇ ಆಗಿದೆಯಲ್ಲವೇ? ಅದಕ್ಕೆ ಜನ ಹೆಚ್ಚಿನ ಬೆಲೆ ಕೊಡುತ್ತಾರೆ. ಹಾಗೆಂದುಕೊಂಡು ಕುಡಿದರೆ ಆಯಿತು.

ಕರಾವಳಿಗ

ಇದನ್ನು ಒಪ್ಪಲಾರೆ. ಮಾನ್ಸೂನ್ಡ್ ಕಾಫಿಗೆ ಬಳಸುವುದು ಹಣ್ಣನ್ನು ಹಾಗೆಯೇ ಒಣಗಿಸಿ ಸಿಪ್ಪೆ ತೆಗೆದ ಚೆರ್ರಿ ಕಾಫಿಯ ಬೀಜವನ್ನು. ನಿಮ್ಮದರಂತೆ ಸಿಪ್ಪೆ, ಲೋಳೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನಲ್ಲ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಗಾಳಿಯಾಡುವ ನೆಲದ ಮೇಲೆ ಹರಡುತ್ತಾರೆ, ಗೋರಿ ತಿರುವುತ್ತಾರೆ, ಸಡಿಲವಾಗಿ ಚೀಲಕ್ಕೆ ತುಂಬಿ ಸಾಲಾಗಿ ಇಡುತ್ತಾರೆ, ಮತ್ತೆ ಸುರಿದು ತುಂಬುತ್ತಾರೆ. ಬೀಜ ಸಮನಾಗಿ ಉಬ್ಬಿ ಹೊಂಬಣ್ಣಕ್ಕೆ ತಿರುಗುವುದು ಈ ದಿನನಿತ್ಯದ ಆರೈಕೆಯಿಂದ. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕಾಫಿ ತಿಂಗಳುಗಟ್ಟಲೆ ಕಡಲ ಗಾಳಿಗೆ ಮೈಯೊಡ್ಡಿ ಯುರೋಪಿಗೆ ಹೋಗುತ್ತಿದ್ದಾಗ ತಾನಾಗಿಯೇ ಆಗುತ್ತಿದ್ದುದನ್ನು ಇವರು ಕೈಯಾರೆ ಮಾಡುತ್ತಾರೆ. ಬಿಗಿಯಾಗಿ ಕಟ್ಟಿದ ಚೀಲ ಮಳೆಗಾಲದ ಶೆಡ್ಡಿನಲ್ಲಿ ಕುಳಿತು ತೇವ ಕುಡಿದರೆ ಅದು ಕೆಟ್ಟ ದಾಸ್ತಾನು ಅಷ್ಟೇ.

ದೂರದೂರು

ನಾನು ಹನ್ನೆರಡು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ. ಇಲ್ಲಿನ ನಮ್ಮ ಗುಂಪು ಆರು ಬಾರಿ ಹೀಗೆ ಕೊಂಡಿದೆ. ಇಥಿಯೋಪಿಯಾ, ಕೆನ್ಯಾದ ಚೀಲ 60 ಕೆ.ಜಿ., ಮಧ್ಯ ಅಮೆರಿಕದ್ದು 69, ಕೊಲಂಬಿಯಾದ್ದು 70. ಒಬ್ಬ ಮನೆಯವನು ಅಷ್ಟನ್ನು ವರ್ಷದೊಳಗೆ ಹುರಿದು ಮುಗಿಸಲಾರ, ಹಂಚಿಕೊಳ್ಳಲೇಬೇಕು. ನಮ್ಮಲ್ಲಿ ನಿಯಮ ಒಂದೇ: ಹಣ ಪೂರ್ತಿ ಕೈಸೇರುವ ತನಕ ಮುಂದಾಳು ಬೆಳೆಗಾರನಿಗಾಗಲಿ ಆಮದುದಾರನಿಗಾಗಲಿ ಮಾತು ಕೊಡುವುದಿಲ್ಲ. ಮೊದಲು ಹಣ, ಆಮೇಲೆ ಚೀಲ. ಚೀಲ ಬಂದ ದಿನವೇ ಎಲ್ಲರೂ ಒಂದೆಡೆ ಸೇರಿ, ಗಾಳಿ ತೆಗೆದ ಲಕೋಟೆಗಳಲ್ಲಿ ತೂಗಿ ತುಂಬುತ್ತೇವೆ.

ಹಬೆ

ಹಾಗಾದರೆ ನಿಮ್ಮ ಗುಂಪಿನಿಂದ ಇಥಿಯೋಪಿಯಾದ ಇರ್ಗಾಚೆಫೆಯ ಬೀಜವನ್ನು ಐದು ಕೆ.ಜಿ. ಇಲ್ಲಿಗೆ ಕಳುಹಿಸಲು ಸಾಧ್ಯವೇ?

ದೂರದೂರು

ಕಳುಹಿಸಲಾರೆ, ಕ್ಷಮಿಸಿ. ಹಸಿರು ಕಾಫಿ ಸಸ್ಯದ ಬೀಜವಾದ್ದರಿಂದ ಭಾರತಕ್ಕೆ ತರಲು ಸಸ್ಯ ಕ್ವಾರಂಟೈನ್ ನಿಯಮದ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರ ಮೇಲೆ ಕಾಫಿಯ ಮೂಲ ಆಮದು ಸುಂಕವೇ ಶೇ. 100. ಕಾಯಿಕೊರಕ, ಎಲೆತುಕ್ಕುಗಳೊಂದಿಗೆ ಹೆಣಗುತ್ತಿರುವ ಮಲೆನಾಡಿಗೆ ನನ್ನ ಪೊಟ್ಟಣದಿಂದ ಹೊಸದೊಂದು ರೋಗ ಬರುವುದು ನನಗೆ ಬೇಡ.

ಗಿರಿಸೀಮೆ

ನಾನು ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಬೆಳೆಗಾರ. ನಿಮಗೆ ಬೀಜ ಕೊಟ್ಟವರು ನನಗೆ ಪರಿಚಿತರಲ್ಲ. ಇಷ್ಟು ಜನ ಇಷ್ಟು ಬರೆದಿದ್ದೀರಿ, ಆದರೆ ಆ ಬೆಳೆಗಾರರನ್ನು ಏನಾಯಿತೆಂದು ಕೇಳಿದವರು ಒಬ್ಬರೂ ಕಾಣುತ್ತಿಲ್ಲ. ಅದು ನನ್ನ ಮನಸ್ಸಿಗೆ ನೋವು ತಂದಿದೆ.

ತೋಟದ ಕಡೆಯ ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದು, ಲೋಳೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್ ಆಗುತ್ತದೆ. ಈ ಪಾರ್ಚ್‌ಮೆಂಟ್ ಹೊಟ್ಟು ಬೀಜಕ್ಕೆ ಕಂಬಳಿಯಿದ್ದಂತೆ. ಅದರೊಳಗೆ ಬೀಜ ಹವೆಯ ಏರಿಳಿತವನ್ನು ತಡೆದುಕೊಳ್ಳುತ್ತದೆ. ಹಸಿರು ಬೀಜ ಬೇಕೆಂದಾಗ ಕ್ಯೂರಿಂಗ್ ವರ್ಕ್ಸ್‌ಗೆ ಕಳುಹಿಸಿ ಹೊಟ್ಟು ತೆಗೆಸಿ, ಗಾತ್ರ ವಿಂಗಡಿಸಿ, ಕಪ್ಪು ಬೀಜ, ತುಂಡು, ಹುಳು ಕೊರೆದದ್ದನ್ನು ಆರಿಸಬೇಕು. 50 ಕೆ.ಜಿ. ಪಾರ್ಚ್‌ಮೆಂಟ್‌ಗೆ ಸುಮಾರು 40 ಕೆ.ಜಿ. ಬೀಜ ಸಿಗುತ್ತದೆ. ನಿಮ್ಮ 60 ಕೆ.ಜಿ.ಯಂಥ ಸಣ್ಣ ಪ್ರಮಾಣಕ್ಕೆ ಅಲ್ಲಿ ಸರದಿ ಸಿಗುವುದೇ ಕಷ್ಟ, ಸಿಕ್ಕಾಗ ಮಾಡಿಸಿಟ್ಟುಕೊಳ್ಳಬೇಕಾಗುತ್ತದೆ. ಒಮ್ಮೆ ಹೊಟ್ಟು ತೆಗೆದ ಬೀಜ ಮುಂಗಾರಿಗೆ ಮೊದಲು ಬೆಟ್ಟ ಇಳಿಯಬೇಕು. ಜೂನ್, ಜುಲೈನಲ್ಲಿ ನಮ್ಮ ಮನೆಯ ಹಪ್ಪಳವೇ ಗರಿಗರಿಯಾಗಿ ಉಳಿಯುವುದಿಲ್ಲ.

ನಮ್ಮ ತಂದೆಯ ಕಾಲದಲ್ಲಿ ನಿಮ್ಮಂಥವರಿಗೆ ನೇರವಾಗಿ ಮಾರುವ ಮಾತೇ ಇರಲಿಲ್ಲ. 1942ರ ಕಾಫಿ ಕಾಯ್ದೆಯಿಂದ ಆರಂಭವಾಗಿ ಬೆಳೆದ ಬಹುತೇಕ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ ಹೋಗುತ್ತಿತ್ತು, ಎಲ್ಲರ ಬೀಜವೂ ಅಲ್ಲಿ ಬೆರೆಯುತ್ತಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ನಾನು ಬೆಳೆದ ಬೀಜವನ್ನು ಯಾರು ಕುಡಿಯುತ್ತಾರೆಂದು ತಿಳಿಯುವ ಸಂತೋಷ ನಮಗೆ ಸಿಕ್ಕಿದ್ದು ಆಮೇಲೆ. ಆದ್ದರಿಂದ ಕೇಳುತ್ತಿದ್ದೇನೆ: ನಿಮ್ಮ ಹಣ ಬೆಳೆಗಾರರಿಗೆ ತಲುಪಿದ್ದು ಯಾವಾಗ?

ಮಲ್ಲೇಶ್ವರದ ಹುರಿಗಾರ

ನಿಮ್ಮ ಪ್ರಶ್ನೆ ಓದಿದ ಮೇಲೆ ಇಂದು ಬೆಳಿಗ್ಗೆ ಬೆಳೆಗಾರರಿಗೆ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. ಫೆಬ್ರುವರಿ 20ರೊಳಗೆ ಹಣ ಕಳುಹಿಸುತ್ತೇವೆಂದು ನಾನು ಹೇಳಿದ್ದೆ. ಅದನ್ನು ನಂಬಿ ಅವರು ಮಾರ್ಚ್ ಆರಂಭದಲ್ಲಿ ಸಿಕ್ಕ ಸರದಿಯಲ್ಲಿ ಹೊಟ್ಟು ತೆಗೆಸಿ, ಎರಡು ಚೀಲ ನಮ್ಮ ಹೆಸರಿನಲ್ಲಿ ತೆಗೆದಿಟ್ಟಿದ್ದರು. ನಮ್ಮಲ್ಲಿ ಹಣ ಕೂಡಿಬರಲಿಲ್ಲ. ಕೆಲವರು ಸಂಬಳ ಬರಲಿ ಎಂದರು, ಕೆಲವರು 3 ಕೆ.ಜಿ.ಯನ್ನು 5 ಮಾಡಿದರು, 5ನ್ನು 2 ಮಾಡಿದರು, ಇಬ್ಬರಿಗೆ ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಉರುಟು ಬೀಜ) ಬೇರೆಯಾಗಿ ಬೇಕಿತ್ತು. ಅವರ ಖಾತೆಗೆ ಹಣ ಹೋದದ್ದು ಜೂನ್ 27ಕ್ಕೆ. ಆಗ ಘಾಟಿಯಲ್ಲಿ ಮಳೆ. ಲಾರಿ ಸಿಗುವಾಗ ಇನ್ನೂ ಮೂರು ವಾರವಾಯಿತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನಮ್ಮ ಬೀಜ ಬರಿಯ ಗೋಣಿಚೀಲದಲ್ಲಿ, ಶೆಡ್ಡಿನಲ್ಲಿ ಇತ್ತು. ಅವರು ಒಂದು ಕಟು ಮಾತನ್ನೂ ಆಡಲಿಲ್ಲ. ಒಂದು ಚೀಲದ ಹಣವನ್ನು ಅರ್ಧ ಹಿಂದಿರುಗಿಸಲೇ ಎಂದು ಅವರೇ ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ.

ಜಯನಗರದ ಜರಡಿ

ಹಿಂದಿರುಗಿಸಿಕೊಳ್ಳಬೇಡಿ.

ಲೆಕ್ಕಿಗ

ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ತಡ ನಮ್ಮದು, ನಿಜ. ಆದರೆ ಬೀಜ ಕೆಟ್ಟಿರಬಹುದೆಂದು ಕಳುಹಿಸುವ ಮೊದಲು ಹೇಳುವುದು ಅವರ ಹೊಣೆಯಾಗಿತ್ತು. ಒಳಗೊಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲ ಹಾಕಿದ್ದರೂ ಇಷ್ಟು ಆಗುತ್ತಿರಲಿಲ್ಲ.

ಗಿರಿಸೀಮೆ

ಆ ಒಳಚೀಲವನ್ನು ಹಾಕಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ನಮ್ಮಲ್ಲಿ ಅನೇಕರು ಇನ್ನೂ ಬಳಸುವುದಿಲ್ಲ, ಅದು ನಮ್ಮ ತಪ್ಪು. ಆದರೆ ಹತ್ತು ದಿನದಲ್ಲಿ ಹೋಗುವ ಬೀಜವೆಂದು ನಂಬಿದವರು ನಾಲ್ಕು ತಿಂಗಳ ವ್ಯವಸ್ಥೆಯನ್ನು ಏಕೆ ಮಾಡುತ್ತಾರೆ? ಇನ್ನೊಂದು ವಿಷಯವಿದೆ. ಈ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಅರೇಬಿಕಾ ವಾಯಿದಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತ್ತು. ಕೆ.ಜಿ.ಗೆ ಲೆಕ್ಕ ಹಾಕಿದರೆ 8.8 ಡಾಲರ್, ನಿಮ್ಮ 780 ರೂಪಾಯಿಗೆ ಹತ್ತಿರ ಹತ್ತಿರ ಅಷ್ಟೇ. ಜುಲೈ ವೇಳೆಗೆ ಅದು 3 ಡಾಲರಿನ ಆಸುಪಾಸಿಗೆ ಇಳಿದಿತ್ತು. ನೀವು ಕೊನೆಗೆ ಬೇಡವೆಂದಿದ್ದರೆ ಅವರು ಇಳಿದ ಬೆಲೆಗೆ, ಬಿಳಿಚಿದ ಬೀಜವನ್ನು ಮಾರಬೇಕಾಗುತ್ತಿತ್ತು. ಆ ಅಪಾಯವನ್ನು ಅವರು ನಿಮಗಾಗಿ ಹೊತ್ತಿದ್ದರು.

ಹಬೆ

ನಾನೋ 780 ಹೆಚ್ಚಾಯಿತೆಂದು, ಚೌಕಾಸಿ ಮಾಡಬೇಕಿತ್ತೆಂದು ಬರೆಯಲು ಹೊರಟಿದ್ದೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ.

ಲೆಕ್ಕಿಗ

ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹುರಿದಾಗ ತೂಕ ಶೇ. 15ರಷ್ಟು ಇಳಿಯುತ್ತದೆಂದುಕೊಂಡರೆ 800 ರೂಪಾಯಿಯ ಹಸಿರು ಬೀಜ ಹುರಿದ ಮೇಲೆ ಕೆ.ಜಿ.ಗೆ 941 ರೂಪಾಯಿ ಆಗುತ್ತದೆ, ಗ್ಯಾಸಿನ ಖರ್ಚು ಬೇರೆ. ಅಗ್ಗಕ್ಕಾಗಿ ಈ ಕೆಲಸಕ್ಕೆ ಕೈ ಹಾಕಿದವರಿಗೆ ನಿರಾಶೆಯೇ ಸರಿ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇ. 5 ಇದೆ, ಆ ಉಳಿತಾಯವೂ ದೊಡ್ಡದಲ್ಲ. ನಾವು ಕೂಡಿ ಕೊಳ್ಳುವುದು ಅಂಗಡಿಯಲ್ಲಿ ಸಿಗದ ಒಂದೇ ತೋಟದ, ಒಂದೇ ತಳಿಯ, ಈ ವರ್ಷದ ಬೀಜ ಬೇಕೆಂದು. ಹಾಗಿದ್ದ ಮೇಲೆ ಅದನ್ನು ನಾಲ್ಕು ತಿಂಗಳು ಹಳೆಯದಾಗಲು ಬಿಟ್ಟರೆ ಕೊಂಡ ಉದ್ದೇಶವೇ ಕೆಡುತ್ತದೆ.

ತೇವ ನೋಡುವವಳು

ಮುಂದಾಳುವಿನ ಶ್ರಮಕ್ಕೆ ಏನೂ ಇಲ್ಲವೇ? ಅವರು ಫೋನ್ ಮಾಡಿದರು, ಹಣ ಕೂಡಿಸಿದರು, ತೂಗಿದರು, ಕಟ್ಟಿದರು. ಕೆ.ಜಿ.ಗೆ 20 ರೂಪಾಯಿಯನ್ನಾದರೂ ಸೇರಿಸಬೇಕೆಂದು ನಾನು ಮೊದಲೇ ಹೇಳಿದ್ದೆ.

ಜಯನಗರದ ಜರಡಿ

ಸೇರಿಸುವುದಾದರೆ ಅದು ಖರ್ಚಿನ ಹೆಸರಿನಲ್ಲಿ, ಎಲ್ಲರಿಗೂ ಕಾಣುವಂತೆ ಇರಲಿ. ಲಾಭವಿಟ್ಟು ಮಾರತೊಡಗಿದರೆ ಅದು ಆಹಾರ ವ್ಯಾಪಾರವಾಗುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ ಮಾತು ಬರುತ್ತದೆ. ಆ 20 ರೂಪಾಯಿಯನ್ನು ಇಂಥ ನಷ್ಟಕ್ಕೆ ಮೀಸಲಾದ ನಿಧಿಯಾಗಿ ಇಡುವುದು ಮೇಲು: 60 ಕೆ.ಜಿ.ಗೆ 1,200 ರೂಪಾಯಿ.

ಪೊನ್ನಂಪೇಟೆಯ ಪಾರ್ಚ್‌ಮೆಂಟ್

ನೀವೆಲ್ಲ ಅರೇಬಿಕಾದ ಹಿಂದೆಯೇ ಏಕೆ ಬಿದ್ದಿದ್ದೀರೋ ತಿಳಿಯದು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70 ರೊಬಸ್ಟಾ, ನಮ್ಮ ಕೊಡಗಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟ್ ಇದೆ, ಕಾಪಿ ರಾಯಲ್ ಎಂಬ ಮೇಲ್ದರ್ಜೆಯ ರೊಬಸ್ಟಾ ಇದೆ. ಫಿಲ್ಟರ್‌ಗೆ ಮೈಕಟ್ಟು ಕೊಡುವುದೇ ಅದು. ಮುಂದಿನ ಬಾರಿ ಎರಡರಲ್ಲಿ ಒಂದು ಚೀಲ ರೊಬಸ್ಟಾ ಇರಲಿ. ಅದರ ಕೊಯ್ಲು ಮುಗಿಯುವಾಗ ಮಾರ್ಚ್ ಬರುತ್ತದೆ. ಮಳೆಗೆ ಮೊದಲು ಇಳಿಸಲು ನಿಮಗೆ ಇನ್ನೂ ಕಡಿಮೆ ಸಮಯವಿರುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಎರಡನೇ ಡಿಕಾಕ್ಷನ್

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಮಾದರಿಯಂತಿರದ ಸರಕನ್ನು ನಿರಾಕರಿಸುವ ಹಕ್ಕು ಕೊಳ್ಳುವವನಿಗೆ ಇದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಪೀಬೆರಿ ಬೇರೆ ಬೇಕೆಂದು ಹಟ ಹಿಡಿದವರಲ್ಲಿ ನಾನಿದ್ದೆ, ಮತ್ತು ನನ್ನ ಹಣದ ಭರವಸೆ ಮುಂದಾಳುವಿಗೆ ಸಿಕ್ಕಿದ್ದು ಮೇ ಕೊನೆಯಲ್ಲಿ. ಬೀಜ ಹಾಳಾದುದರಲ್ಲಿ ನನ್ನ ಕೈಯೂ ಇರುವಾಗ ಆ ಹಕ್ಕನ್ನು ಪೂರ್ತಿಯಾಗಿ ಚಲಾಯಿಸಲಾರೆ. ನನ್ನ 5 ಕೆ.ಜಿ.ಯ 4,000 ರೂಪಾಯಿಯನ್ನು ಇಂದೇ ಕಳುಹಿಸುತ್ತೇನೆ. ಬೀಜವನ್ನು ಏನು ಮಾಡಬೇಕೆಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಬಿಸಿಲಿಗೆ ಹರಡಿ ಒಣಗಿಸಬಹುದೇ?

ಗಿರಿಸೀಮೆ

ಬಿಸಿಲಿಗೆ ಹಾಕಬೇಡಿ. ಹೊಟ್ಟು ತೆಗೆದ ಬೀಜಕ್ಕೆ ನೇರ ಬಿಸಿಲು ಬಿದ್ದರೆ ಇನ್ನೂ ಬಿಳಿಚುತ್ತದೆ, ಹೊರಮೈ ಒಣಗಿ ಒಳಗೆ ತೇವ ಉಳಿಯುತ್ತದೆ. ಒಲೆಯಿಂದ ದೂರ, ನೆರಳಿನಲ್ಲಿ, ತೆಳುವಾದ ಬಟ್ಟೆಯ ಚೀಲದಲ್ಲಿಟ್ಟು ದಿನಕ್ಕೊಮ್ಮೆ ತಿರುವಿ. ಬೆಂಗಳೂರಿನ ಹವೆಯಲ್ಲಿ ತಾನಾಗಿ ಸ್ವಲ್ಪ ಇಳಿಯುತ್ತದೆ.

ಕರಾವಳಿಗ

ಹುರಿಯುವಾಗಲೂ ಆರಂಭದ ಉರಿ ಸಣ್ಣದಿರಲಿ. ತೇವ ಹೆಚ್ಚಿರುವ ಬೀಜಕ್ಕೆ ಹಳದಿಗೆ ತಿರುಗಲು ಹೆಚ್ಚು ಸಮಯ ಕೊಡಬೇಕು. ಅವಸರ ಮಾಡಿದರೆ ಹೊರಗೆ ಕಂದಿ ಒಳಗೆ ಹಸಿಯಾಗಿ ಉಳಿಯುತ್ತದೆ. ಬೀಜ ಕಾದು ಚಟಪಟ ಎನ್ನುವ ಮೊದಲ ಸಿಡಿತ ಮುಗಿದ ಮೇಲೂ ಇಳಿಸದೆ, ಎರಡನೆಯ ಸಿಡಿತ ಆರಂಭವಾಗುವ ತನಕ ಒಯ್ಯಿರಿ. ಹೋದ ಏಲಕ್ಕಿ ಮರಳಿ ಬರುವುದಿಲ್ಲ, ಆದರೆ ಕಡು ಹುರಿತದಲ್ಲಿ ಆ ರಟ್ಟಿನ ರುಚಿ ಬಹುಮಟ್ಟಿಗೆ ಮರೆಯಾಗುತ್ತದೆ. ಹಾಲು ಹಾಕಿ ಕುಡಿಯುವ ಫಿಲ್ಟರ್ ಕಾಫಿಗೆ ಸಾಕು.

ಹಬೆ

ಸ್ವಲ್ಪ ಚಿಕೋರಿ ಸೇರಿಸಿದರೆ?

ಕರಾವಳಿಗ

ನಮ್ಮ ಮನೆಯಲ್ಲಿ ಸೇರಿಸುವುದಿಲ್ಲ. ಈ ಬೀಜಕ್ಕಾದರೆ ಶೇ. 10ರಷ್ಟು ಸೇರಿಸಲು ನನ್ನ ಆಕ್ಷೇಪವಿಲ್ಲ.

ಮಲ್ಲೇಶ್ವರದ ಹುರಿಗಾರ

ಹಣ ಬಂದಿದೆ, ಧನ್ಯವಾದಗಳು. ಬೆಳೆಗಾರರಿಗೆ ಮತ್ತೆ ಫೋನ್ ಮಾಡಿ, ಹಣ ಹಿಂದಿರುಗಿಸುವುದು ಬೇಡವೆಂದು ಹೇಳಿದೆ. ಈ ಕೊಯ್ಲಿಗೂ ನಮಗೆ ಬೀಜ ಕೊಡುವಿರಾ ಎಂದು ಕೇಳಿದಾಗ ಅವರು ಕೂಡಲೇ ಒಪ್ಪಲಿಲ್ಲ. ಹಣ ಮೊದಲು ಬಂದರೆ ಜನವರಿಯಲ್ಲಿ ಮಾದರಿ ಕಳುಹಿಸುತ್ತೇನೆ, ನೀವು ಒಪ್ಪದಿದ್ದರೆ ಹಣ ವಾಪಸ್ಸು, ಒಪ್ಪಿದರೆ ಹದಿನೈದು ದಿನದೊಳಗೆ ಚೀಲ ಇಳಿಸಿಕೊಳ್ಳಬೇಕು ಎಂದರು. ಒಳಚೀಲದ ಖರ್ಚು ನಮ್ಮದು ಎಂದೆ. ನಾನು ಡಿಸೆಂಬರ್ 15ಕ್ಕೆ ಪಟ್ಟಿ ಮುಚ್ಚುತ್ತೇನೆ. ಅಂದು ಪೂರ್ತಿ ಹಣ ಕೊಟ್ಟವರ ಹೆಸರು ಮಾತ್ರ ಅದರಲ್ಲಿರುತ್ತದೆ. ಕೆ.ಜಿ.ಗೆ 20 ರೂಪಾಯಿಯ ನಿಧಿಯೂ ಇರಲಿ, ಲೆಕ್ಕವನ್ನು ಲೆಕ್ಕಿಗರೇ ಇಡಲಿ. ಪೀಬೆರಿಯನ್ನು ಬೇರೆ ಮಾಡಿಸುವುದಿಲ್ಲ.

ಇನ್ನೊಬ್ಬರ 5 ಕೆ.ಜಿ. ಹಾಗೆಯೇ ಉಳಿದಿದೆ, ಅವರಿಂದ ಉತ್ತರ ಬಂದಿಲ್ಲ.

ತೇವ ನೋಡುವವಳು

ಅದರಲ್ಲಿ 2 ಕೆ.ಜಿ. ನನಗಿರಲಿ, 800ರ ದರಕ್ಕೇ. ಭಾನುವಾರ ಬರುವಾಗ ತೇವಮಾಪಕ ತರುತ್ತೇನೆ. ಮೂರು ವಾರದಲ್ಲಿ ಎಷ್ಟು ಇಳಿದಿದೆಯೆಂದು ನೋಡಿ ಆಮೇಲೆ ಕಟ್ಟೋಣ.

ಜಯನಗರದ ಜರಡಿ

1 ಕೆ.ಜಿ. ನನಗೆ. ಡಿಸೆಂಬರ್ ಪಟ್ಟಿಗೂ ನನ್ನ ಹೆಸರು ಬರೆದುಕೊಳ್ಳಿ: 3 ಕೆ.ಜಿ. ಅರೇಬಿಕಾ, 2 ಕೆ.ಜಿ. ರೊಬಸ್ಟಾ. ಹಣವನ್ನು ಈಗಲೇ ಕಳುಹಿಸಲೇ?